ಗೊರವಯ್ಯನ ಬಿಲ್ಲು, ಹವಾಮಾನದ ಶೇಕಡ ಮೂವತ್ತು

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಗೆ, ತುಂಗಭದ್ರೆಯ ಆಚೆ ದಂಡೆಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ, ಉಪವಾಸವಿದ್ದ ಗೊರವಯ್ಯ ಬಿಲ್ಲೇರುತ್ತಾನೆ. ‘ಸದ್ದಲೇ’ ಎಂದು ಒಮ್ಮೆ ಕೂಗಿದರೆ ಸಾಕು, ಜಾತ್ರೆಗೆ ಜಾತ್ರೆಯೇ ಗಪ್‌ಚಿಪ್. ಆಮೇಲೆ ‘ಪರಾಕ್’ ಎಂದು ಮುಗಿಯುವ ಒಂದೇ ಒಂದು ವಾಕ್ಯ, ವರ್ಷದ ಭವಿಷ್ಯ ನುಡಿಯುವ ಕಾರ್ಣಿಕ. ಅದು ಮಳೆಯ ಮಾತೋ, ಬೆಳೆಯದೋ, ರಾಜಕೀಯದ್ದೋ ಎಂಬ ಚರ್ಚೆ ಊರಿಗೆ ಮರಳುವ ಟ್ರ್ಯಾಕ್ಟರಿನಲ್ಲೇ ಶುರು. ಚುನಾವಣೆಯ ವರ್ಷವಾದರೆ ಮಳೆಗೆ ಪಾಳಿಯೇ ಬರುವುದಿಲ್ಲ.

ಹವಾಮಾನ ಇಲಾಖೆಯ ಏಪ್ರಿಲ್–ಮೇ ತಿಂಗಳ ಮಾತು ಇಷ್ಟು ನಾಟಕೀಯವಲ್ಲ: ‘ಒಂದೆರಡು ಕಡೆ ಗುಡುಗು ಸಹಿತ ಮಳೆಯ ಸಾಧ್ಯತೆ’. ಯಾವ ಊರು? ಹೇಳುವುದಿಲ್ಲ. ಇದೂ ಕಾರ್ಣಿಕವೇ, ಹೆಂಗ ಬೇಕಾದರೂ ಅರ್ಥ ಹಚ್ಚಬಹುದು ಎಂದು ನಗುವವರಿದ್ದಾರೆ. ಆ ನಗೆಯ ಹಿಂದೆ ಹಳೆಯ ತಾತ್ವಿಕ ತಕರಾರೊಂದಿದೆ. ಖಚಿತವಲ್ಲದ್ದನ್ನು ಅರಿವು ಎನ್ನಬಹುದೇ?

ಮುಂಗಾರಿಗೆ ಮೊದಲಿನ ಈ ಅಡ್ಡಮಳೆಯ ಸ್ವಭಾವವೇ ಹಾಗೆ. ಬಿಸಿಲಿಗೆ ನೆಲ ಕಾದು, ಅರಬ್ಬಿ ಸಮುದ್ರದ ತೇವ ಒಳನಾಡಿಗೆ ನುಗ್ಗಿದರೆ ಮಧ್ಯಾಹ್ನದ ಹೊತ್ತಿಗೆ ಮೋಡ ಗೋಪುರದಂತೆ ಏಳುತ್ತದೆ. ಒಂಟಿ ಗುಡುಗುಮೋಡದ ಆಯುಷ್ಯ ಅರ್ಧ ತಾಸು, ಹೆಚ್ಚೆಂದರೆ ಒಂದು ತಾಸು. ಎಸರು ಕುದಿಯುವುದು ಖಚಿತ. ಮೊದಲ ಗುಳ್ಳೆ ಎಲ್ಲಿ ಏಳುತ್ತದೆ ಎಂದು ಕೇಳಿದರೆ ಯಾರೂ ಹೇಳಲಾರರು. ಆದರೆ ಇಲಾಖೆಯ ‘ಒಂದೆರಡು ಕಡೆ’ಗೆ ಅಳತೆಯಿದೆ: ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆ ದಾಖಲಾಗಬಹುದು ಎಂದು ಅದರ ಅರ್ಥ. ಮರುದಿನ ಎಣಿಸಿ ನೋಡಬಹುದು.

ಕಾರ್ಣಿಕಕ್ಕೂ ಮುನ್ಸೂಚನೆಗೂ ವ್ಯತ್ಯಾಸವಿರುವುದು ಈ ಎಣಿಕೆಯಲ್ಲೇ. ಅಮೆರಿಕದ ಹವಾಮಾನ ಇಲಾಖೆಯ ಗ್ಲೆನ್ ಬ್ರಯರ್ 1950ರಲ್ಲಿ ಸಂಭವನೀಯತೆಯ ಮುನ್ಸೂಚನೆಗೂ ಅಂಕ ಕೊಡುವ ಸೂತ್ರವೊಂದನ್ನು ಪ್ರಕಟಿಸಿದ. ಶೇ 30 ಎಂದ ದಿನ ಮಳೆ ಬರಲಿಲ್ಲವೆಂದು ಮುನ್ಸೂಚನೆ ಸುಳ್ಳಾಗುವುದಿಲ್ಲ. ಹಾಗೆಂದ ನೂರು ದಿನಗಳಲ್ಲಿ ಎಪ್ಪತ್ತು ದಿನ ಮಳೆ ಸುರಿದರೆ ಮಾತ್ರ ಹೇಳಿದವರು ಸಿಕ್ಕಿಬೀಳುತ್ತಾರೆ. ಇದು ಹಳತು–ಹೊಸತರ ಜಗಳವೂ ಅಲ್ಲ. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ, ಮೋಡ ಗರ್ಭ ಕಟ್ಟಿದ 195 ದಿನಕ್ಕೆ ಮಳೆ ಹೆರುತ್ತದೆ ಎಂದ. ಲೆಕ್ಕ ನಿಲ್ಲಲಿಲ್ಲ, ನಿಜ. ಆದರೆ ತಪ್ಪಾಗಲು ಧೈರ್ಯವಿದ್ದ ಮಾತು ಅದು. ಕಾರ್ಣಿಕಕ್ಕೆ ಆ ಗೊಡವೆಯಿಲ್ಲ, ಅದನ್ನು ಆ ತಕ್ಕಡಿಗೆ ಹಾಕುವುದೂ ಅನ್ಯಾಯ. ವರ್ಷದ ಭಯವನ್ನು ಸಾವಿರಾರು ಜನ ಒಟ್ಟಿಗೆ ಹೊತ್ತು ನಿಲ್ಲುವ ಗಳಿಗೆ ಅದು; ಅಂಥ ಗಳಿಗೆಯನ್ನು ಯಾವ ರಾಡಾರೂ ಕೊಡಲಾರದು.

ಇನ್ನು ಈ ಶೇಕಡಾ ಲೆಕ್ಕದ ಉಪಯೋಗ ನೋಡಲು ಬ್ಯಾಡಗಿಗೆ ಬನ್ನಿ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಇಲ್ಲಿನ ಮೆಣಸಿನಕಾಯಿಗೆ ಬಣ್ಣವೇ ಬೆಲೆ, ನೆನೆದರೆ ಬಣ್ಣವೂ ಹೋಯಿತು, ಬೆಲೆಯೂ ಹೋಯಿತು. ತಾಡಪತ್ರಿ ಹೊದಿಸುವ ಖರ್ಚು 500 ರೂಪಾಯಿ, ನೆನೆದರೆ ನಷ್ಟ 5,000 ಎನ್ನೋಣ. ಆಗ ಮಳೆಯ ಸಾಧ್ಯತೆ ಶೇ 10 ದಾಟಿದರೂ ಹೊದಿಸುವುದೇ ಜಾಣತನ. ಶೇ 30 ಎಂದರೆ ಓಡಬೇಕು. ಅದೇ ಶೇ 30 ಶೀತಲಗೃಹದಲ್ಲಿ ಚೀಲವಿಟ್ಟವನಿಗೆ ಸುದ್ದಿಯೇ ಅಲ್ಲ. ಬೆಟ್ಟದ ತುದಿಯ ಮರಕ್ಕೂ ನೀರುಣಿಸುವವನಿದ್ದಾನೆ ಎಂದು ಮನಸ್ಸಿಗೆ ಸಮಾಧಾನ ಹೇಳಿದ ಕನಕದಾಸರ ಕಾಗಿನೆಲೆಯೂ ಇದೇ ತಾಲ್ಲೂಕಿನಲ್ಲಿದೆ. ಆ ನಂಬಿಕೆಗೂ ತಾಡಪತ್ರಿಗೂ ವಿರೋಧ ಕಾಣುವವರು ಕಣದಲ್ಲಿ ಕಾಯಿ ಒಣಗಿಸಿದವರಲ್ಲ. ತಲ್ಲಣ ಬೇಡ ಎನ್ನುವುದು ಮನಸ್ಸಿಗೆ ಹೇಳಿದ್ದು, ಕೈಗಲ್ಲ.

ಸಿಡಿಲು, ದಿಢೀರನೆ ಉಕ್ಕುವ ಹಳ್ಳದ ವಿಷಯಕ್ಕೆ ಬಂದರೆ ಲೆಕ್ಕ ರೂಪಾಯಿಯದ್ದಲ್ಲ. ಮೇಲಿನ ಊರಿನಲ್ಲಿ ಸುರಿದದ್ದು ಕೆಳಗಿನ ಊರಿನ ಹಳ್ಳಕ್ಕೆ ತಾಸಿನೊಳಗೆ ಬರಬಹುದು, ಅಲ್ಲಿ ಬಿಸಿಲಿದ್ದರೂ. ಇದಕ್ಕೆ ಹವಾಮಾನ ಇಲಾಖೆಯ, ಮುಂದಿನ ಮೂರು ತಾಸಿನ ತತ್‌ಕ್ಷಣದ ಮುನ್ಸೂಚನೆ ಇದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ 20 ಮತ್ತು 40 ಕಿಲೋಮೀಟರ್ ತ್ರಿಜ್ಯದೊಳಗಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಮರದಡಿ ನಿಂತ ಕುರಿಗಾಹಿಯ ಕೈಯಲ್ಲಿ ಸ್ಮಾರ್ಟ್‌ಫೋನ್ ಇರದಿದ್ದರೆ ಆ ಅರಿವು ಯಾರದ್ದು? ಕಾರ್ಣಿಕದ ಮಾತು ಫೋನಿಲ್ಲದವನಿಗೂ ಮುಟ್ಟುತ್ತದೆ. ಗುಡಿಯ ಮೈಕಿನಲ್ಲಿ ಸುಪ್ರಭಾತದ ಜತೆಗೆ, ಮೋಡ ಕಟ್ಟಿದ ಮಧ್ಯಾಹ್ನ ಆ ಮೂರು ತಾಸಿನ ಸೂಚನೆಯನ್ನೂ ಓದಲು ಯಾವ ದೇವರ ಅಡ್ಡಿಯೂ ಇದ್ದಂತಿಲ್ಲ.