ಬೆಡಗಿನ ಉಡುಪು ಪಾಪವೇ?

19ನೇ ಶತಮಾನದ ಕೊನೆಯ ಮೂರು ದಶಕಗಳಲ್ಲಿ ಇಂಗ್ಲೆಂಡಿನ ಸಿರಿವಂತ ಹೆಂಗಸರ ಉಡುಪಿನಲ್ಲಿ ಬರಿದಾದ ಜಾಗ ಸಿಗುವುದು ಕಷ್ಟವಿತ್ತು. ಸೊಂಟ ಬಿಗಿಯುವ ಕಾರ್ಸೆಟ್, ಲಂಗದ ಹಿಂಭಾಗವನ್ನು ಉಬ್ಬಿಸಿ ನಿಲ್ಲಿಸುವ ಬಸಲ್, ಅವುಗಳ ಮೇಲೆ ರೇಷ್ಮೆ, ಮಖಮಲ್ಲು, ಲೇಸು, ಮಣಿಕಸೂತಿ, ತಲೆಯ ಮೇಲೆ ಗರಿ ಸಿಕ್ಕಿಸಿದ ಟೋಪಿ. ಹೊಲಿಗೆ ಯಂತ್ರ ಕೆಲಸವನ್ನು ಹಗುರಗೊಳಿಸಿತಾದರೂ ಉಳಿದ ಹೊತ್ತೆಲ್ಲ ಹೆಚ್ಚಿನ ನೆರಿಗೆ, ಅಂಚುಗಳಿಗೇ ಹೋಯಿತು.

ಇದೇ ಉಡುಪು ಭಾನುವಾರ ಚರ್ಚಿಗೂ ಬರುತ್ತಿತ್ತು. ಅಲ್ಲಿ ಓದುವ ಹೊಸ ಒಡಂಬಡಿಕೆಯಲ್ಲಾದರೋ, ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯೂ ಪೇತ್ರನ ಮೊದಲನೆಯ ಪತ್ರಿಕೆಯೂ ಹೆಂಗಸರು ಚಿನ್ನ, ಜಡೆ, ಬೆಲೆಬಾಳುವ ಬಟ್ಟೆಗಳನ್ನು ಬಿಟ್ಟು ಸದ್ಗುಣವನ್ನೇ ಒಡವೆಯಾಗಿ ಧರಿಸಬೇಕೆಂದು ಹೇಳುತ್ತವೆ. ಕ್ವೇಕರ್ ಪಂಥದವರು ಈ ಮಾತನ್ನು ತಲೆಮಾರುಗಳ ಕಾಲ ಪಾಲಿಸಿ, 1860ರ ಸುಮಾರಿಗೆ ಸರಳ ಉಡುಪಿನ ಕಡ್ಡಾಯವನ್ನು ಸಡಿಲಿಸಿದರು. ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಘಟನೆ ಮಾತ್ರ 1880ರಲ್ಲಿ ತನ್ನ ಹೆಂಗಸರಿಗೆ ಸಾದಾ ಹುಲ್ಲಿನ ಟೋಪಿ ತೊಡಿಸಿತು. ಇವರೆಲ್ಲರ ದೃಷ್ಟಿಯಲ್ಲಿ ದೋಷವಿದ್ದದ್ದು ತೊಟ್ಟವಳ ಮನಸ್ಸಿನಲ್ಲಿ. ಅದರ ಹೆಸರು ಅಹಂಕಾರ.

ಈ ವಿಚಾರ ಅರ್ಧ ದಾರಿಗೇ ನಿಲ್ಲುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲಿ ತೋರಿಸಿದಂತೆ, ದುಡಿಯಲಾಗದಂತೆ ಬಿಗಿದ ಉಡುಪು ಸಾರುವುದು ಮನೆಯ ಯಜಮಾನನ ಸಂಪತ್ತನ್ನು. ಹಾಗಿದ್ದಾಗ ಪಾಪದ ಹೊರೆಯನ್ನೆಲ್ಲ ಹೆಣ್ಣಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಇನ್ನೂ ದೊಡ್ಡ ಪ್ರಶ್ನೆ, ಆ ಬೆಡಗಿಗೆ ಬೆಲೆ ತೆತ್ತವರು ಯಾರು ಎಂಬುದು. 1863ರಲ್ಲಿ ಲಂಡನ್ನಿನಲ್ಲಿ ನೃತ್ಯಕೂಟವೊಂದರ ಉಡುಪುಗಳಿಗಾಗಿ ಇಪ್ಪತ್ತಾರು ಗಂಟೆಗೂ ಹೆಚ್ಚು ಕಾಲ ಬಿಡುವಿಲ್ಲದೆ ಹೊಲಿದ ಮೇರಿ ಆನ್ ವಾಕ್ಲಿ ಎಂಬ 20 ವರ್ಷದ ಹುಡುಗಿ ಸತ್ತಳು. ಕಾರ್ಲ್ ಮಾರ್ಕ್ಸ್ ಇದನ್ನು ‘ಕ್ಯಾಪಿಟಲ್’ನಲ್ಲಿ ದಾಖಲಿಸಿದ್ದಾನೆ. ತೊಟ್ಟವರ ಮನಸ್ಸು ಎಷ್ಟೇ ನಿರ್ಮಲವಾಗಿದ್ದರೂ ಆ ಸಾವು ಅಳಿಯುವುದಿಲ್ಲ.

ಟೋಪಿಯ ಗರಿಗಳ ಕಥೆ ಇದನ್ನು ಇನ್ನೂ ಸ್ಪಷ್ಟವಾಗಿ ಕಾಣಿಸುತ್ತದೆ. ಬೆಳ್ಳಕ್ಕಿಗೆ ನವಿರಾದ ಗರಿ ಮೂಡುವುದು ಮರಿಮಾಡುವ ಕಾಲದಲ್ಲಿ. ಗರಿಗಾಗಿ ತಾಯಿಯನ್ನು ಕೊಂದರೆ ಗೂಡಿನ ಮರಿಗಳೂ ಹಸಿದು ಸಾಯುತ್ತವೆ. 1889ರಲ್ಲಿ ಮ್ಯಾಂಚೆಸ್ಟರ್ ಬಳಿಯ ಡಿಡ್ಸ್‌ಬರಿಯಲ್ಲಿ ಎಮಿಲಿ ವಿಲಿಯಮ್ಸನ್ ಇದರ ವಿರುದ್ಧ ಹೆಂಗಸರದೇ ಒಂದು ಸಂಘ ಕಟ್ಟಿದರು. ಆಹಾರಕ್ಕಾಗಿ ಕೊಂದ ಹಕ್ಕಿಗಳದ್ದನ್ನು ಬಿಟ್ಟು ಬೇರೆ ಗರಿ ತೊಡಬಾರದು, ಉಷ್ಟ್ರಪಕ್ಷಿಯ ಗರಿಗೆ ಮಾತ್ರ ವಿನಾಯಿತಿ ಎಂಬುದು ಸದಸ್ಯೆಯರ ನಿಯಮ. ಉಷ್ಟ್ರಪಕ್ಷಿಯನ್ನು ಕೊಲ್ಲದೆಯೇ ಗರಿ ತೆಗೆಯಬಹುದಲ್ಲ! ಆ ಒಂದು ವಿನಾಯಿತಿಯಲ್ಲಿ ದೊಡ್ಡ ವಿವೇಕವಿದೆ: ಅದು ಸೌಂದರ್ಯವನ್ನು ಖಂಡಿಸಲಿಲ್ಲ, ಹಿಂಸೆಯನ್ನು ಖಂಡಿಸಿತು. ಧರ್ಮೋಪದೇಶಗಳಿಗಿಂತ ಈ ನಿಯಮವೇ ಪ್ರಶ್ನೆಯ ಬೇರಿಗೆ ಹತ್ತಿರವಾಗಿತ್ತು.

ಗರಿಗಳು ಭಾರತದಿಂದಲೂ ಹೋಗುತ್ತಿದ್ದವು. 1902ರಲ್ಲಿ ವೈಸ್‌ರಾಯ್ ಕರ್ಜನ್ನನ ಸರ್ಕಾರ ಅವುಗಳ ರಫ್ತನ್ನು ನಿಷೇಧಿಸಿತು. ಬ್ರಿಟನ್ನಿನ ಪಾರ್ಲಿಮೆಂಟು ಗರಿಗಳ ಆಮದನ್ನು ತಡೆಯುವ ಕಾಯ್ದೆ ತಂದದ್ದು 1921ರಲ್ಲಿ. ಅಲ್ಲಿಯೂ ಉಷ್ಟ್ರಪಕ್ಷಿಗೆ ವಿನಾಯಿತಿ ಉಳಿಯಿತು.