ಹೆಚ್ಚುಕಮ್ಮಿ ಆದರೆ

2023ರ ಜುಲೈ ತಿಂಗಳ ಒಂದು ಸಂಜೆ, ಕತ್ರಿಗುಪ್ಪೆಯ ಚಿಕ್ಕಮ್ಮನ ಮನೆಯಲ್ಲಿ ಕೂತು ನಾನೊಂದು ಸಣ್ಣ ಅನುವಾದ ಮಾಡಿದೆ. ಚಿಕ್ಕಮ್ಮನ ಮಗನಿಗೆ ಆಗ 17 ವರ್ಷ. ಕಾಲೇಜು ಮುಗಿಸಿಕೊಂಡು ಸಂಜೆಹೊತ್ತು ಜೆ.ಪಿ. ನಗರದ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುತ್ತಿದ್ದ. ಊರಾಚೆಯ ಮೈದಾನವೊಂದರಲ್ಲಿ ನಡೆಯುವ ಡರ್ಟ್ ಟ್ರ್ಯಾಕ್ ಬೈಕ್ ರೇಸಿಗೆ ಇಳಿಯಲು ಅವನಿಗೆ ಅವಕಾಶ ಸಿಕ್ಕಿತ್ತು. ಅದಕ್ಕೊಂದು ಇಂಡೆಮ್ನಿಟಿ ಫಾರ್ಮ್, ಎರಡೂವರೆ ಪುಟದ ಇಂಗ್ಲಿಷು. ಅವನು ಅಪ್ರಾಪ್ತ, ಹಾಗಾಗಿ ತಾಯಿಯ ಸಹಿ ಬೇಕು. ಚಿಕ್ಕಮ್ಮನಿಗೆ ಇಂಗ್ಲಿಷು ಬರುವುದಿಲ್ಲ. ಪಿಎಚ್.ಡಿ. ಮಾಡುತ್ತಿರುವ ಅಕ್ಕನ ಮಗಳು ಎದುರಿಗೇ ಕೂತಿದ್ದಾಳಲ್ಲ, “ಏನಿದೆ ನೋಡಿ ಹೇಳೇ” ಎಂದರು.

ನಾನು ಓದಿದೆ. ಗಾಯ, ಶಾಶ್ವತ ಅಂಗವೈಕಲ್ಯ, ಸಾವು ಎಂಬ ಮೂರೂ ಪದಗಳು ಒಂದೇ ಸಾಲಿನಲ್ಲಿದ್ದವು. ಇವುಗಳಲ್ಲಿ ಯಾವುದು ಸಂಭವಿಸಿದರೂ ಸಂಘಟಕರಾಗಲಿ, ಪ್ರಾಯೋಜಕರಾಗಲಿ, ಜಾಗದ ಮಾಲೀಕರಾಗಲಿ ಹೊಣೆಯಲ್ಲ, ಯಾವ ದಾವೆಯನ್ನೂ ಹೂಡುವುದಿಲ್ಲ ಎಂದಿತ್ತು. ತಮ್ಮ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಚಿಕ್ಕಮ್ಮನಿಗೆ ಹೇಳಿದೆ: “ಏನಿಲ್ಲ, ಏನಾದರೂ ಹೆಚ್ಚುಕಮ್ಮಿ ಆದರೆ ಅವರು ಜವಾಬ್ದಾರರಲ್ಲ ಅಂತ ಬರೆದಿದ್ದಾರೆ ಅಷ್ಟೇ.” ಚಿಕ್ಕಮ್ಮ ಹೊಲಿಗೆ ಮೆಷೀನಿನ ಮೇಲೇ ಕಾಗದವಿಟ್ಟು ಸಹಿ ಹಾಕಿದರು.

ನಮ್ಮ ಭಾಷೆಯಲ್ಲಿ ಸಾವನ್ನು ಮನೆಯೊಳಗೆ ಹೆಸರಿಟ್ಟು ಕರೆಯುವುದಿಲ್ಲ. ಆಸ್ಪತ್ರೆಗೆ ಹೊರಟಾಗ, ದೂರದ ಪ್ರಯಾಣಕ್ಕೆ ಹೊರಟಾಗ “ಹೆಚ್ಚುಕಮ್ಮಿ” ಎನ್ನುತ್ತೇವೆ. ಅದರೊಳಗೆ ತರಚುಗಾಯವೂ ಅಡಗುತ್ತದೆ, ಹೆಣವೂ ಅಡಗುತ್ತದೆ. ಕೇಳುವವರು ತಮಗೆ ತಡೆದುಕೊಳ್ಳಲು ಆಗುವಷ್ಟನ್ನು ಆರಿಸಿಕೊಳ್ಳುತ್ತಾರೆ. ಇದು ಭಾಷೆಯ ಕರುಣೆ ಎಂದೇ ನಾನು ತಿಳಿದಿದ್ದೆ.

ಆ ರೇಸು ಸುಸೂತ್ರವಾಗಿ ಮುಗಿಯಿತು. ಅವನು ನಾಲ್ಕನೆಯವನಾಗಿ ಬಂದ. ಮೊಣಕೈ ತರಚಿತ್ತು, ಅಷ್ಟೇ. ಆಮೇಲೆ ಆಗಸ್ಟ್ 5 ಬಂತು. ಚೆನ್ನೈ ಬಳಿಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟಿನಲ್ಲಿ ನಡೆಯುತ್ತಿದ್ದ ರಾಷ್ಟ್ರೀಯ ಮೋಟಾರ್‌ಸೈಕಲ್ ರೇಸಿಂಗ್ ಚಾಂಪಿಯನ್‌ಶಿಪ್ಪಿನಲ್ಲಿ ಬೆಂಗಳೂರಿನ ಶ್ರೇಯಸ್ ಹರೀಶ್ ಬಿದ್ದು ತೀರಿಕೊಂಡ. 13 ವರ್ಷದ ಹುಡುಗ. ‘ಬೆಂಗಳೂರು ಕಿಡ್’ ಎಂದು ರೇಸಿಂಗ್ ವಲಯ ಪ್ರೀತಿಯಿಂದ ಕರೆಯುತ್ತಿದ್ದ ಪ್ರತಿಭೆ. ಆ ವಾರಾಂತ್ಯದ ಉಳಿದ ರೇಸುಗಳನ್ನು ರದ್ದು ಮಾಡಿದರು. ರಾತ್ರಿ ಚಿಕ್ಕಮ್ಮ ಫೋನ್ ಮಾಡಿದರು. ಟಿ.ವಿ.ಯ ಸದ್ದು ಹಿಂದೆ ಕೇಳಿಸುತ್ತಿತ್ತು. “ಅವತ್ತು ಸಹಿ ಹಾಕಿದೆನಲ್ಲ, ಆ ಕಾಗದದಲ್ಲಿ ಇದೂ ಇತ್ತಾ?” ಎಂದು ಕೇಳಿದರು. ಇತ್ತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತೆ ನೀನು ಹೆಚ್ಚುಕಮ್ಮಿ ಅಂದೆ?” ಎಂದರು.

ಆ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ಆದರೆ ಅದರ ಸುತ್ತ ಇರುವ ಪ್ರಶ್ನೆಗಳನ್ನಾದರೂ ಬಿಡಿಸಿ ನೋಡಬೇಕು ಅನ್ನಿಸಿದೆ. ಒಬ್ಬರು ತಮ್ಮ ಜೀವವನ್ನು ಪಣಕ್ಕಿಡುವಾಗ ಆ ಒಪ್ಪಿಗೆ ನಿಜಕ್ಕೂ ಯಾರದ್ದು? ಅವರ ಧೈರ್ಯವನ್ನು ಕಂಡು ಚಪ್ಪಾಳೆ ತಟ್ಟುವ ನಮ್ಮ ಪಾಲಿಗೆ ಏನೂ ಹೊಣೆ ಇಲ್ಲವೇ?

ಮೊದಲಿಗೆ ಕಾನೂನು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಗೇರ್ ಇರುವ ಬೈಕಿಗೆ 18 ತುಂಬಬೇಕು. 2019ರ ತಿದ್ದುಪಡಿಯಾದ ಮೇಲೆ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೇ 3 ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ. ಅಂದರೆ ನನ್ನ ತಮ್ಮ ಕತ್ರಿಗುಪ್ಪೆಯಿಂದ ಜಯನಗರ ನಾಲ್ಕನೇ ಬ್ಲಾಕಿಗೆ ಬೈಕಿನಲ್ಲಿ ಹೋಗಿ ಕೊತ್ತಂಬರಿ ತಂದರೆ ಚಿಕ್ಕಮ್ಮ ಕೋರ್ಟು ಹತ್ತಬೇಕು. ಅದೇ ಹುಡುಗ ಟ್ರ್ಯಾಕಿನಲ್ಲಿ ಅದರ ಎರಡರಷ್ಟು ವೇಗದಲ್ಲಿ ಹೋದರೆ ಚಿಕ್ಕಮ್ಮನಿಗೆ ಅಭಿನಂದನೆ.

ಇದು ಬರೀ ವಿರೋಧಾಭಾಸವಲ್ಲ, ಇದಕ್ಕೊಂದು ನ್ಯಾಯವಿದೆ. ರಿಂಗ್ ರಸ್ತೆಯಲ್ಲಿ ವ್ಹೀಲಿ ಮಾಡುವ ಹುಡುಗ ತನ್ನ ಜೀವವನ್ನಷ್ಟೇ ಪಣಕ್ಕಿಡುವುದಿಲ್ಲ. ರಸ್ತೆ ದಾಟುತ್ತಿರುವ ಅಜ್ಜಿಯ ಜೀವವನ್ನೂ ಅವಳನ್ನು ಕೇಳದೆ ಪಣಕ್ಕಿಡುತ್ತಾನೆ. ಟ್ರ್ಯಾಕಿನಲ್ಲಿ ಅಜ್ಜಿ ಇಲ್ಲ. ಅಲ್ಲಿ ಹೆಲ್ಮೆಟ್ಟಿದೆ, ಬಾವುಟ ಹಿಡಿದ ಮಾರ್ಷಲ್ ಇದ್ದಾರೆ, ಆಂಬ್ಯುಲೆನ್ಸ್ ಇದೆ. ಬೇರೆಯವರಿಗೆ ಹಾನಿಯಾಗದಿದ್ದರೆ ತನ್ನ ದೇಹದ ಮೇಲೆ ಮನುಷ್ಯನೇ ಒಡೆಯ ಎಂದು ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ವಾದಿಸಿದ. ಆ ವಾದದ ಬೆನ್ನಿಗೇ ಒಂದು ಮಿತಿಯನ್ನೂ ಹಾಕಿದ: ಇದು ಮಕ್ಕಳಿಗೆ ಅನ್ವಯಿಸುವುದಿಲ್ಲ. ಅವನಿಗಿಂತ ಎರಡು ಸಾವಿರ ವರ್ಷಕ್ಕೂ ಹಿಂದೆ ಅರಿಸ್ಟಾಟಲ್ ಇನ್ನೂ ಸೂಕ್ಷ್ಮವಾದ ಗೆರೆ ಎಳೆದಿದ್ದ. ಮಕ್ಕಳು ಸ್ವಇಚ್ಛೆಯಿಂದ ಕೆಲಸ ಮಾಡುತ್ತಾರೆ ನಿಜ, ಆದರೆ ತೂಗಿ ನೋಡಿ ಮಾಡುವ ಆಯ್ಕೆ ಅವರಿಗೆ ಇನ್ನೂ ದಕ್ಕಿರುವುದಿಲ್ಲ ಎಂಬುದು ಅವನ ಮಾತು. ಇಷ್ಟಪಡುವುದು ಬೇರೆ, ಆಯ್ದುಕೊಳ್ಳುವುದು ಬೇರೆ. ನನ್ನ ತಮ್ಮ ರೇಸನ್ನು ಇಷ್ಟಪಟ್ಟಿದ್ದ. ಆಯ್ದುಕೊಂಡವರು ಚಿಕ್ಕಮ್ಮ, ಅದೂ ನನ್ನ ಅನುವಾದವನ್ನು ನಂಬಿ.

ಆಯ್ಕೆ ಅಂದರೆ ಏನು ಎಂಬುದು ನಮ್ಮೂರಿನ ಚಾಂಪಿಯನ್ನರನ್ನು ನೋಡಿದರೆ ತಿಳಿಯುತ್ತದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿದರು. ಅದನ್ನು ಮುಗಿಸಿದ ಮೊದಲ ಭಾರತೀಯ ಅವರು. 2020ರ ಜನವರಿಯಲ್ಲಿ ಅದೇ ರ‍್ಯಾಲಿಯಲ್ಲಿ ಅವರ ಹೀರೋ ತಂಡದ ಜೊತೆಗಾರ, ಪೋರ್ಚುಗಲ್ಲಿನ ಪೌಲೊ ಗೊನ್ಸಾಲ್ವೆಸ್ ಮರಳುಗಾಡಿನಲ್ಲಿ ಬಿದ್ದು ತೀರಿಕೊಂಡರು. ಸಂತೋಷ್ ಮರುವರ್ಷ ಮತ್ತೆ ಅಲ್ಲಿಗೆ ಹೋದರು. 2021ರ ಜನವರಿ 6ರಂದು ತಾವೂ ಬಿದ್ದರು. ರಿಯಾದಿನ ಆಸ್ಪತ್ರೆಯಲ್ಲಿ ವೈದ್ಯರು ಅವರನ್ನು ಔಷಧಿ ಕೊಟ್ಟು ಕೋಮಾದಲ್ಲಿಡಬೇಕಾಯಿತು. ಬೆಂಗಳೂರಿನವರೇ ಆದ ಐಶ್ವರ್ಯ ಪಿಸ್ಸೆ 2018ರಲ್ಲಿ ಸ್ಪೇನಿನ ರ‍್ಯಾಲಿಯಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೇ ಪೆಟ್ಟು ಮಾಡಿಕೊಂಡರು. ಮರುವರ್ಷ ಅದೇ ದೇಶಕ್ಕೆ ಮರಳಿ, 2019ರ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಅವರು.

ಇವರ ಧೈರ್ಯವನ್ನು ಹುಂಬತನ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹುಂಬನಿಗೆ ಅಪಾಯ ಗೊತ್ತಿರುವುದಿಲ್ಲ. ಇವರಿಗೆ ಅದು ಮೂಳೆಯಲ್ಲಿ, ಕರುಳಿನಲ್ಲಿ ಗೊತ್ತಿತ್ತು. ಗೊತ್ತಿದ್ದೂ ಹೋದರು. ಒಪ್ಪಿಗೆ ಎಂಬ ಪದಕ್ಕೆ ಅರ್ಥವಿದ್ದರೆ ಅದು ಇಲ್ಲಿದೆ. 13ರ ಹುಡುಗನಿಗಾಗಲಿ, 17ರ ನನ್ನ ತಮ್ಮನಿಗಾಗಲಿ ಇಂಥ ಒಪ್ಪಿಗೆ ಸಾಧ್ಯವಿರಲಿಲ್ಲ. ಅವರಲ್ಲಿ ಧೈರ್ಯ ಕಡಿಮೆ ಎಂದಲ್ಲ, ಕಳೆದುಕೊಳ್ಳುವುದು ಎಂದರೇನು ಎಂಬುದು ಅವರಿಗೆ ಇನ್ನೂ ತಿಳಿದಿರುವುದಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. 18ರವರೆಗೂ ಕಾದರೆ ಯಾರೂ ಚಾಂಪಿಯನ್ ಆಗುವುದಿಲ್ಲ, ದೇಹ ಕಲಿಯುವುದು ಎಳೆತನದಲ್ಲೇ. ಸಂಗೀತ, ಚದುರಂಗ, ಈಜು ಎಲ್ಲವೂ ಹಾಗೇ ತಾನೇ? ತಮ್ಮನೂ ಇದನ್ನೇ ಹೇಳುತ್ತಾನೆ, ಅವನ ಮಾತು ಸುಳ್ಳಲ್ಲ. ಆದರೆ ಅಪಸ್ವರಕ್ಕೆ ಯಾರೂ ಸಾಯುವುದಿಲ್ಲ. ಕಲಿಯುವುದು ಬೇರೆ, ಪೂರ್ಣ ವೇಗದಲ್ಲಿ ಗುಂಪಿನೊಳಗೆ ಸೆಣಸುವುದು ಬೇರೆ. 2021ರ ಒಂದೇ ಹಂಗಾಮಿನಲ್ಲಿ 14 ವರ್ಷದ ಹ್ಯೂಗೊ ಮಿಯಾನ್, 15 ವರ್ಷದ ಡೀನ್ ಬೆರ್ತಾ ವಿನ್ಯಾಲೆಸ್, 19 ವರ್ಷದ ಜೇಸನ್ ದುಪಾಸ್ಕಿಯೆ ಯುರೋಪಿನ ಟ್ರ್ಯಾಕುಗಳಲ್ಲಿ ತೀರಿಕೊಂಡ ಮೇಲೆ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟವೇ ಕನಿಷ್ಠ ವಯಸ್ಸನ್ನು ಏರಿಸಿತು. 2023ರಿಂದ ಗ್ರ್ಯಾನ್ ಪ್ರಿ ರೇಸಿಗೆ ಸಾಮಾನ್ಯವಾಗಿ 18 ಆಗಿರಬೇಕು. ಕಾಯಲು ಆಗುವುದೇ ಇಲ್ಲ ಎಂಬ ವಾದವನ್ನು ಆ ಕ್ರೀಡೆಯೇ ಅಷ್ಟರಮಟ್ಟಿಗೆ ಬಿಟ್ಟುಕೊಟ್ಟಿದೆ.

ಇನ್ನು ಚಪ್ಪಾಳೆಯ ಹೊಣೆ. ಇಲ್ಲಿ ನನಗೆ ದಾರಿ ತೋರಿಸಿದ್ದು ನನ್ನ ಸಂಶೋಧನೆಯ ವಿಷಯವಾದ ವೀರಗಲ್ಲುಗಳು. ಬಿ.ಟಿ.ಎಂ. ಲೇಔಟಿನಿಂದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಬೇಗೂರು ಇದೆ. ಅಲ್ಲಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಕಲ್ಲೊಂದಿದೆ. ‘ಬೆಂಗಳೂರು’ ಎಂಬ ಹೆಸರು ನಮಗೆ ಮೊದಲು ಸಿಗುವುದು ಆ ಕಲ್ಲಿನಲ್ಲಿ, ಬೆಂಗಳೂರು ಕಾಳಗದಲ್ಲಿ ಸತ್ತವರ ನೆನಪಿನಲ್ಲಿ. ಈ ಊರು ತನ್ನ ಹೆಸರನ್ನು ಮೊದಲು ಬರೆದುಕೊಂಡದ್ದೇ ಒಂದು ಸಾವಿನ ಲೆಕ್ಕದಲ್ಲಿ. ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು ಈಗ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನ ಪರವಾಗಿ ನಾಗತ್ತರ ತುಂಬೆಪಾಡಿಯಲ್ಲಿ ಕಾದಿ ಸತ್ತ. ಅದನ್ನು ಕೇಳಿದ ಎರೆಯಪ್ಪ ಇರುಗನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡರ ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟ.

ಪಟ್ಟಿಕೆಗಳಲ್ಲಿ ಸ್ವರ್ಗ, ಅಪ್ಸರೆಯರು ಎಲ್ಲ ಇರುತ್ತಾರೆ. ಆದರೆ ಶಾಸನದ ಕೊನೆಯಲ್ಲಿ ಬರುವುದು ಬಹುತೇಕ ಭೂಮಿಯ ಲೆಕ್ಕ: ಯಾವ ಹಳ್ಳಿ, ಎಷ್ಟು ಗದ್ದೆ, ಯಾರಿಗೆ. ಹಳಗನ್ನಡದಲ್ಲಿ ಇದಕ್ಕೆ ನೆತ್ತರುಗೊಡಗೆ ಎಂಬ ಪದವೇ ಇದೆ. ರಕ್ತ ಸುರಿಸಿದವನ ಮನೆಗೆ ಕೊಡುವ ಭೂಮಿ. ನಾನು ಅದನ್ನು ವೈಭವೀಕರಿಸುತ್ತಿಲ್ಲ. ಕೊಡುಗೆಯ ಆಸೆ ತೋರಿಸಿ ಬಡವರ ಮಕ್ಕಳನ್ನು ಸಾಯಲು ಕಳಿಸುವ ವ್ಯವಸ್ಥೆಯೂ ಅದಾಗಿತ್ತು. ಅರಸನಿಗೆ ಗದ್ದೆ ಅಗ್ಗ, ಸೈನಿಕನಿಗೆ ಜೀವ ಒಂದೇ. ಆದರೂ ಆ ಕಲ್ಲುಗಳಲ್ಲಿ ಒಂದು ಪ್ರಾಮಾಣಿಕತೆ ಇದೆ. ಅವು ಸಾವನ್ನು ಸಾವು ಎನ್ನುತ್ತವೆ, ಮತ್ತು ಅದರಿಂದ ಲಾಭ ಪಡೆದವನು ಸಾಲಗಾರ ಎಂದು ಒಪ್ಪಿಕೊಳ್ಳುತ್ತವೆ.

ನನ್ನ ಕೈಯಲ್ಲಿದ್ದ ಫಾರ್ಮು ಅದರ ತಿರುವುಮುರುವು. ಶೌರ್ಯದಿಂದ ಟಿಕೆಟು ಮಾರುವವರು, ಹೆಸರು ಮೆರೆಸುವವರು, ಕೇಕೆ ಹಾಕುವವರು ಯಾರೂ ಸಾಲಗಾರರಲ್ಲ ಎಂದು ಮೊದಲೇ ಬರೆಸಿಕೊಳ್ಳುವ ಕಾಗದ ಅದು. ವೀರಗಲ್ಲನ್ನು ಸತ್ತ ಮೇಲೆ ಬದುಕಿದವರು ಬರೆಸುತ್ತಿದ್ದರು. ಇದನ್ನು ಬದುಕಿರುವವನ ತಾಯಿಯ ಕೈಯಲ್ಲಿ ಸಾಯುವ ಮೊದಲೇ ಬರೆಸುತ್ತೇವೆ. ಹೀಗಾಗಿ ನನ್ನ ಮಟ್ಟಿಗೆ ನೈತಿಕ ಪ್ರಶ್ನೆ ‘ಇಂಥ ಕ್ರೀಡೆ ಇರಬೇಕೇ ಬೇಡವೇ’ ಎಂಬುದಲ್ಲ. ಗೊತ್ತಿದ್ದು ಹೋಗುವವರಿಗೆ ಹೋಗುವ ಹಕ್ಕಿದೆ. ಆದರೆ ಹೊಗಳುವ ಹಕ್ಕು ಪುಕ್ಕಟೆಯಲ್ಲ. ಒಬ್ಬರ ಧೈರ್ಯ ನಮಗೆ ರೋಮಾಂಚನ ಕೊಟ್ಟಿದ್ದರೆ, ಅವರು ಬಿದ್ದಾಗ ಆಸ್ಪತ್ರೆಯ ಬಿಲ್ಲು ಯಾರದು ಎಂದು ಬೀಳುವ ಮೊದಲೇ ಕೇಳುವುದು ಆ ರೋಮಾಂಚನಕ್ಕೆ ತೆರುವ ಕನಿಷ್ಠ ಬೆಲೆ. ಅದಕ್ಕೂ ಮೊದಲು ಕೊಡಬೇಕಾದದ್ದು ನಿಜವಾದ ಪದ. ಅದನ್ನು ನಾನು ಕೊಡಲಿಲ್ಲ. ಕರುಣೆ ಎಂದುಕೊಂಡು ಚಿಕ್ಕಮ್ಮನಿಂದ ನಾನು ಕಿತ್ತುಕೊಂಡದ್ದು ಅವರ ಆಯ್ಕೆಯನ್ನು.

ತಮ್ಮನಿಗೆ 18 ತುಂಬಿತು. ಒಂದೂವರೆ ವರ್ಷ ರೇಸಿನ ಮಾತೆತ್ತದೆ ಇದ್ದವನು ಮತ್ತೆ ಒಂದು ಫಾರ್ಮ್ ತಂದ. ಈಗ ತಾಯಿಯ ಸಹಿ ಬೇಕಿರಲಿಲ್ಲ. ಆದರೂ ಇಬ್ಬರನ್ನೂ ಕೂರಿಸಿಕೊಂಡು ಸಾಲುಸಾಲಾಗಿ ಕನ್ನಡದಲ್ಲಿ ಓದಿದೆ. ಗಾಯ ಎಂದೆ, ಶಾಶ್ವತ ಅಂಗವೈಕಲ್ಯ ಎಂದೆ, ಸಾವು ಎಂದೆ. ಚಿಕ್ಕಮ್ಮ ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ, ಹೋಗಲಿಲ್ಲ. ತಮ್ಮ ತಲೆ ತಗ್ಗಿಸಿ ಬೆರಳಿನ ಗ್ರೀಸು ಕೆರೆಯುತ್ತಿದ್ದ.

ಓದಿ ಮುಗಿಸಿದ ಮೇಲೆ ಚಿಕ್ಕಮ್ಮ ಎರಡೇ ಪ್ರಶ್ನೆ ಕೇಳಿದರು. ಅಲ್ಲಿಂದ ದೊಡ್ಡಾಸ್ಪತ್ರೆ ಎಷ್ಟು ದೂರ? ಬಿದ್ದರೆ ದುಡ್ಡು ಯಾರು ಕಟ್ಟುತ್ತಾರೆ? ಎರಡೂವರೆ ಪುಟದಲ್ಲಿ ಎರಡಕ್ಕೂ ಉತ್ತರವಿರಲಿಲ್ಲ. ತಮ್ಮ ಅಲ್ಲೇ ಕೂತು ಸಂಘಟಕರಿಗೆ ಆ ಎರಡು ಪ್ರಶ್ನೆಗಳನ್ನು ಬರೆದು ಕಳಿಸಿದ. ಉತ್ತರ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಫಾರ್ಮು ಹೊಲಿಗೆ ಮೆಷೀನಿನ ಮೇಲೆ, ಕತ್ತರಿಯ ಕೆಳಗೆ, ಸಹಿಯಿಲ್ಲದೆ ಇತ್ತು.