ಜೋಳದ ಕಾಳು, ಜೋಳದ ದಂಟು

ವಸ್ತುವಿನ ಸ್ವಭಾವ ಅದರ ದ್ರವ್ಯದಲ್ಲಿದೆಯೋ, ದ್ರವ್ಯ ಜೋಡಣೆಗೊಂಡ ಬಗೆಯಲ್ಲಿದೆಯೋ ಎಂಬ ಹಳೆಯ ಪ್ರಶ್ನೆಗೆ ಬೀದರ್, ಭಾಲ್ಕಿ, ಔರಾದ್ ಸೀಮೆಯ ಜೋಳದ ಹೊಲ ಅಪರೂಪದ ನಿದರ್ಶನವಾಗಿದೆ. ಕಾಳಿನ ಪಿಷ್ಟವೂ ದಂಟಿನ ಸೆಲ್ಯುಲೋಸೂ ಪಾಲಿಮರ್‌ಗಳು, ಅಂದರೆ ಸಣ್ಣ ಅಣುಗಳು ಸರಪಳಿಯಾಗಿ ಬೆಸೆದುಕೊಂಡ ಮಹಾಅಣುಗಳು; ಎರಡರಲ್ಲೂ ಕೊಂಡಿಯಾಗಿರುವುದು ಗ್ಲೂಕೋಸ್ ಒಂದೇ. ಪಿಷ್ಟದ ಕೊಂಡಿಗಳು ಆಲ್ಫಾ ಎಂಬ ಬಗೆಯ ಬಂಧದಿಂದ ಸೇರುವುದರಿಂದ ಸರಪಳಿ ಸುರುಳಿಯಾಗುತ್ತದೆ, ಬಿಸಿನೀರಿನಲ್ಲಿ ಉಬ್ಬಿ ರೊಟ್ಟಿಯ ಹಿಟ್ಟಿಗೆ ಜಿಗುಟು ಕೊಡುತ್ತದೆ. ಸೆಲ್ಯುಲೋಸಿನಲ್ಲಾದರೋ ಬೀಟಾ ಬಂಧದಿಂದಾಗಿ ಒಂದು ಬಿಟ್ಟೊಂದು ಕೊಂಡಿ ಮಗುಚಿಕೊಂಡು, ನೇರವಾಗಿ ಚಾಚಿದ ಸರಪಳಿಗಳು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಬಿಗಿದು, ನೀರಿನಲ್ಲಿ ಕರಗದ ನಾರಾಗುತ್ತವೆ. ಆ ನಾರು ಮನುಷ್ಯನ ಪಾಚಕರಸಕ್ಕೆ ಒಲಿಯದು, ಎತ್ತಿನ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಒಲಿಯುತ್ತದೆ.

ಕೊಂಡಿಗಳಿಂದಾದ ಸರಪಳಿ ಕೊಂಡಿಗಳಿಗಿಂತ ಬೇರೆಯೇ ಎಂಬುದು ಇದರೊಂದಿಗೇ ಏಳುವ ಪ್ರಶ್ನೆ. ಅವಯವಿ, ಅಂದರೆ ಭಾಗಗಳಿಂದಾದ ಪೂರ್ಣವಸ್ತು, ಭಾಗಗಳಿಗಿಂತ ಬೇರೆಯಾದ ಸತ್ತೆಯೆಂದು ನ್ಯಾಯ-ವೈಶೇಷಿಕ ದಾರ್ಶನಿಕರು ವಾದಿಸಿದರೆ, ಅದು ಗುಂಪಿಗಿಟ್ಟ ಹೆಸರಷ್ಟೇ ಎಂದು ಬೌದ್ಧರು ನಿರಾಕರಿಸಿದರು. 1920ರಲ್ಲಿ ಹರ್ಮನ್ ಸ್ಟೌಡಿಂಗರ್ ಮಹಾಅಣುವಿನ ಕಲ್ಪನೆಯನ್ನು ಮುಂದಿಟ್ಟಾಗ ರಸಾಯನಶಾಸ್ತ್ರಜ್ಞರಲ್ಲಿ ಎದ್ದ ವಿವಾದವೂ ಆಶ್ಚರ್ಯವೆನಿಸುವಷ್ಟು ಇದನ್ನೇ ಹೋಲುತ್ತದೆ: ಪಾಲಿಮರ್‌ಗಳು ಸಣ್ಣ ಅಣುಗಳ ಗುಂಪೋ, ಬೆಸೆದ ಒಂದೇ ವಸ್ತುವೋ? ಸಾಕ್ಷ್ಯ ಎರಡನೆಯದರ ಕಡೆ ವಾಲಿತು, 1953ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಆದರೂ ವೈಶೇಷಿಕರು ಪೂರ್ತಿ ಗೆದ್ದರೆನ್ನಲಾಗದು. ಕಾರ್ಯದ, ಅಂದರೆ ಉಂಟಾದ ವಸ್ತುವಿನ, ಗುಣ ಅದರ ಕಾರಣದ ಗುಣದಿಂದಲೇ ಬರುತ್ತದೆಂಬ ಅವರ ನಿಯಮಕ್ಕೆ, ಸಿಹಿಯಾದ ಗ್ಲೂಕೋಸಿನಿಂದ ಸಪ್ಪೆಯಾದ ನಾರು ಹುಟ್ಟುವುದು ಹೊಂದುವುದಿಲ್ಲ.